ಮೂರು ನಿಮಿಷ ಮೈಕು ಮಕ್ಕಳ ಕೈಗೆ ಕೊಡಿ: ಬೇಸಿಗೆಯ ಸ್ಲ್ಯಾಮ್ ಕಾವ್ಯ ಕಮ್ಮಟಕ್ಕಾಗಿ ಒಂದು ಬಹಿರಂಗ ಪತ್ರ

ಗೆ,
ನಿರ್ದೇಶಕರು, ಕನ್ನಡ ಮತ್ತು ಸಂಸ್ಕೃತಿ ಇಲಾಖೆ, ಕನ್ನಡ ಭವನ, ಜೆ.ಸಿ. ರಸ್ತೆ, ಬೆಂಗಳೂರು
ಹಾಗೂ
ನಿರ್ದೇಶಕರು, ಸಾರ್ವಜನಿಕ ಗ್ರಂಥಾಲಯ ಇಲಾಖೆ, ಬೆಂಗಳೂರು

ವಿಷಯ: ನಗರದ ಶಾಖಾ ಗ್ರಂಥಾಲಯಗಳಲ್ಲಿ ಯುವಜನರಿಗಾಗಿ ಉಚಿತ ಸ್ಲ್ಯಾಮ್ ಕಾವ್ಯ ಕಮ್ಮಟ ನಡೆಸುವಂತೆ ಮನವಿ.

ಮಾನ್ಯರೇ,

ಬರುವ ಬೇಸಿಗೆ ರಜೆಯಲ್ಲಿ ಬೆಂಗಳೂರಿನ ಕೆಲವು ಶಾಖಾ ಗ್ರಂಥಾಲಯಗಳಲ್ಲಿ, 15ರಿಂದ 21 ವರ್ಷದೊಳಗಿನ ಹುಡುಗ ಹುಡುಗಿಯರಿಗಾಗಿ, ಕನ್ನಡದಲ್ಲಿ ಸ್ಲ್ಯಾಮ್ ಕಾವ್ಯದ, ಎಂದರೆ ವೇದಿಕೆಯ ಮೇಲೆ ಕವಿತೆ ಹೇಳಿ ಕೇಳುಗರಿಂದಲೇ ಅಂಕ ಪಡೆಯುವ ಸ್ಪರ್ಧೆಯ, ಉಚಿತ ಕಮ್ಮಟವೊಂದನ್ನು ತಮ್ಮ ಎರಡೂ ಇಲಾಖೆಗಳು ಕೂಡಿ ನಡೆಸಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ. ನಾನು ಇಲ್ಲಿನ ಪದವಿಪೂರ್ವ ಕಾಲೇಜೊಂದರಲ್ಲಿ ಕನ್ನಡ ಕಲಿಸುವವನು. ಕಳೆದ ಬೇಸಿಗೆಯಲ್ಲಿ, ಮದುವೆಯವರು ಬಾಡಿಗೆಗೆ ಹಿಡಿಯದ ದಿನಗಳಲ್ಲಿ ಪುಕ್ಕಟೆಯಾಗಿ ದೊರೆತ ಒಂದು ಸಮುದಾಯ ಭವನದಲ್ಲಿ, ರಂಗಭೂಮಿಯ ಇಬ್ಬರು ಗೆಳೆಯರೊಂದಿಗೆ ಸೇರಿ ಇಂಥದೊಂದು ಕಮ್ಮಟವನ್ನು ಸಣ್ಣ ಪ್ರಮಾಣದಲ್ಲಿ ನಡೆಸಿದ ಅನುಭವ ನನಗಿದೆ. ಮನವಿಯನ್ನು ಟಪಾಲಿನಲ್ಲಿ ಕಳಿಸಿ ಸುಮ್ಮನಿರದೆ ಹೀಗೆ ಎಲ್ಲರೆದುರು ಇಡುತ್ತಿರುವುದಕ್ಕೆ ಕಾರಣವಿದೆ: ಸ್ಲ್ಯಾಮ್ ಎಂಬುದು ನಡೆಯಬೇಕಾದರೆ ಕವಿಗಳಷ್ಟೇ ಕೇಳುಗರೂ ಬೇಕು, ಮತ್ತು ಅಲ್ಲಿ ತೀರ್ಪು ಕೊಡುವವರು ಆ ಕೇಳುಗರೇ. ಆದ್ದರಿಂದ ಈ ಪತ್ರದಲ್ಲಿ ಊರಿನವರಿಗೂ ಒಂದು ಕರೆ ಇದೆ.

ಈ ಪ್ರಕಾರದ ಪರಿಚಯವಿಲ್ಲದವರಿಗಾಗಿ ಅದರ ಹುಟ್ಟನ್ನೂ ಕಟ್ಟಳೆಯನ್ನೂ ಮೊದಲು ಹೇಳಿಬಿಡುವುದು ಒಳ್ಳೆಯದು. ಅಮೆರಿಕದ ಶಿಕಾಗೊ ನಗರದಲ್ಲಿ ಕಟ್ಟಡ ಕೆಲಸ ಮಾಡಿಕೊಂಡಿದ್ದ ಮಾರ್ಕ್ ಸ್ಮಿತ್ ಎಂಬ ಕವಿ, ಕೇಳುಗರನ್ನು ಲೆಕ್ಕಕ್ಕೇ ತೆಗೆದುಕೊಳ್ಳದ ಕಾವ್ಯವಾಚನಗಳಿಂದ ಬೇಸತ್ತು, 1986ರಲ್ಲಿ ಗ್ರೀನ್ ಮಿಲ್ ಎಂಬ ಹಳೆಯ ಜಾಜ್ ಕ್ಲಬ್ಬಿನಲ್ಲಿ ಭಾನುವಾರದ ರಾತ್ರಿಗಳಂದು ಇದನ್ನು ಶುರುಮಾಡಿದ. ಕವಿ ತಾನೇ ಬರೆದ ಕವಿತೆಯನ್ನು ಮೂರು ನಿಮಿಷದೊಳಗೆ ಹೇಳಿ ಮುಗಿಸಬೇಕು. ಹತ್ತು ಸೆಕೆಂಡು ಮೀರಿದರೆ ಕ್ಷಮೆ, ಅದಕ್ಕೂ ಮೀರಿದರೆ ಅಂಕ ಕಡಿತ. ವೇಷ, ವಾದ್ಯ, ಕೈಯಲ್ಲಿ ಹಿಡಿಯುವ ಸಾಮಾನು ಯಾವುದಕ್ಕೂ ಅವಕಾಶವಿಲ್ಲ. ಕೇಳಲು ಬಂದವರಲ್ಲೇ ಐವರನ್ನು ಆ ಹೊತ್ತಿಗೆ ಆರಿಸಿ ಅವರ ಕೈಗೆ ಹಲಗೆ ಕೊಡುತ್ತಾರೆ. ಅವರು ಸೊನ್ನೆಯಿಂದ ಹತ್ತರವರೆಗೆ ಅಂಕ ಬರೆದು ಎತ್ತಿ ಹಿಡಿಯುತ್ತಾರೆ. ಐದರಲ್ಲಿ ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಬಿಟ್ಟು ಉಳಿದ ಮೂರನ್ನು ಕೂಡುತ್ತಾರೆ. 1990ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮೊದಲ ರಾಷ್ಟ್ರಮಟ್ಟದ ಸ್ಲ್ಯಾಮ್ ನಡೆಯಿತು. ಹದಿಹರೆಯದವರಿಗೆಂದೇ ಕಮ್ಮಟಗಳನ್ನು ನಡೆಸುವ ಯೂತ್ ಸ್ಪೀಕ್ಸ್ ಸಂಸ್ಥೆ ಅದೇ ಊರಿನಲ್ಲಿ 1996ರಲ್ಲಿ ಹುಟ್ಟಿತು. ಶಿಕಾಗೊದ ಶಾಲಾ ಮಕ್ಕಳ ತಂಡಗಳ ಸ್ಲ್ಯಾಮ್ ಉತ್ಸವ 2001ರಲ್ಲಿ ಆರಂಭವಾಯಿತು. ವಯಸ್ಕರು ಕ್ಲಬ್ಬಿನಲ್ಲಿ ಶುರುಮಾಡಿದ್ದನ್ನು ಶಾಲೆಯ ಮಕ್ಕಳು ಹದಿನೈದೇ ವರ್ಷಗಳಲ್ಲಿ ತಮ್ಮದಾಗಿಸಿಕೊಂಡರು.

ಕಾವ್ಯಕ್ಕೆ ಅಂಕವೇ ಎಂದು ಮೂಗು ಮುರಿಯುವವರಿದ್ದಾರೆ. ಅವರಲ್ಲಿ ನನ್ನ ಸಹೋದ್ಯೋಗಿಗಳೂ ಇದ್ದಾರೆ. ಆದರೆ ಆ ಲೆಕ್ಕದ ಜಾಣತನವನ್ನು ಸ್ವಲ್ಪ ಗಮನಿಸಬೇಕು. ಅತ್ತೆಯ ಮಗಳೆಂದು ಹತ್ತಕ್ಕೆ ಹತ್ತು ಕೊಟ್ಟವರದೂ, ಹಳೆಯ ಜಗಳವನ್ನು ನೆನಪಿಟ್ಟು ಸೊನ್ನೆ ಕೊಟ್ಟವರದೂ ಎರಡೂ ಒಟ್ಟಿಗೆ ಬಿದ್ದುಹೋಗುತ್ತವೆ. ಸಂಜೆ ಏರಿದಂತೆ ಕೇಳುಗರು ಬಿಸಿಯಾಗಿ ಅಂಕಗಳೂ ಏರುವುದು ಎಲ್ಲ ಕಡೆ ಕಂಡ ಸಂಗತಿಯಾದ್ದರಿಂದ, ಯಾರು ಮೊದಲು ಯಾರು ಕೊನೆ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸುತ್ತಾರೆ. ಸ್ಪರ್ಧೆಗೆ ಸೇರದ ಒಬ್ಬರು ಎಲ್ಲರಿಗಿಂತ ಮುಂಚೆ ಒಂದು ಕವಿತೆ ಹೇಳಿ, ಅಂಕ ಕೊಡುವವರ ಕೈ ಕುದುರಲು ಸಹಾಯ ಮಾಡುತ್ತಾರೆ. ಇಷ್ಟಾದರೂ ಫಲಿತಾಂಶ ಎಲ್ಲರಿಗೂ ಒಪ್ಪಿಗೆಯಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ತನಗೆ ಹಿಡಿಸಿದ ಕವಿತೆಗೆ ಆರೂವರೆ ಬಂದಾಗ ಹಿಂದಿನ ಸಾಲಿನ ಯಾರೋ ‘ಅನ್ಯಾಯ’ ಎಂದು ಕೂಗುತ್ತಾರಲ್ಲ, ಆ ಕೂಗಿಗಾಗಿಯೇ ಅಂಕದ ನೆಪ. ಅಲ್ಲಿಯವರೆಗೆ ಮೊಬೈಲು ನೋಡುತ್ತ ಕುಳಿತಿದ್ದವನು ಕವಿತೆಯೊಂದರ ಪರವಾಗಿ ಎದ್ದು ನಿಂತ ಎಂದರೆ ಅವನು ಅದನ್ನು ಕೇಳಿಸಿಕೊಂಡಿದ್ದಾನೆ ಎಂದೇ ಅರ್ಥ.

ನಮ್ಮ ಕವಿಗೋಷ್ಠಿಗಳಲ್ಲಿ ಹೀಗಾಗುವುದು ಅಪರೂಪ. ನಾನು ಕವಿಗೋಷ್ಠಿಯ ವಿರೋಧಿಯಲ್ಲ. ಎಷ್ಟೋ ಒಳ್ಳೆಯ ಕವಿತೆಗಳನ್ನು ಮೊದಲು ಕೇಳಿದ್ದು ಅಲ್ಲಿಯೇ. ಆದರೆ ಗೋಷ್ಠಿಯ ರೂಢಿ ಎಂಥದಾಗಿಬಿಟ್ಟಿದೆ ಎಂಬುದು ವೇದಿಕೆಯ ಮೇಲಿರುವವರಿಗೂ ಕೆಳಗಿರುವವರಿಗೂ ತಿಳಿದೇ ಇದೆ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ಉದ್ಘಾಟನೆ, ಆಶಯ ನುಡಿ, ಮುಖ್ಯ ಅತಿಥಿಗಳ ಮಾತು ಮುಗಿಯುವ ಹೊತ್ತಿಗೆ ಊಟದ ವೇಳೆ ಹತ್ತಿರವಾಗಿರುತ್ತದೆ. ಆಗ ನಿರೂಪಕರು ಕವಿಗಳಿಗೆ ದಯವಿಟ್ಟು ಚುಟುಕಾಗಿ ವಾಚಿಸಬೇಕೆಂದು ವಿನಂತಿಸಿಕೊಳ್ಳುತ್ತಾರೆ. ಹದಿನೇಳು ವರ್ಷದ ಹುಡುಗಿಯೊಬ್ಬಳು ಆ ಸಾಲಿನಲ್ಲಿ ಕುಳಿತಿದ್ದರೆ ಅವಳ ಸರದಿ ಬರುವುದು ಕುರ್ಚಿಗಳು ಅರ್ಧ ಖಾಲಿಯಾದ ಮೇಲೆ. ಅವಳಿಗೊಂದು ಪ್ರಮಾಣಪತ್ರ ಸಿಗುತ್ತದೆ, ಶಾಲು ಹೊದಿಸಿದ ಫೋಟೊ ಸಿಗುತ್ತದೆ. ತನ್ನ ಕವಿತೆಯ ಯಾವ ಸಾಲು ಕೇಳುವವರನ್ನು ತಟ್ಟಿತು, ಯಾವುದು ತಟ್ಟದೆ ಜಾರಿತು ಎಂಬುದೊಂದು ಮಾತ್ರ ಗೊತ್ತಾಗುವುದಿಲ್ಲ. ಬರೆಯುವವರಿಗೆ ಆ ವಯಸ್ಸಿನಲ್ಲಿ ಬೇಕಾದದ್ದು ಅದೇ.

ಇದು ಹೊರಗಿನಿಂದ ಬಂದ ಸರಕು, ನಮ್ಮ ಸಂಸ್ಕೃತಿಗೆ ಒಗ್ಗುವುದಿಲ್ಲ ಎಂಬ ಆಕ್ಷೇಪ ತಮ್ಮ ಕಚೇರಿಯಲ್ಲಿಯೂ ಕೇಳಿಬರಬಹುದು. ಹೆಸರು ಹೊರಗಿನದು, ನಿಜ. ಆದರೆ ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯ ಗೀಗೀ ಪದಗಳಲ್ಲಿ ಹರದೇಶಿ ನಾಗೇಶಿ ಮೇಳಗಳು ಎದುರು ಬದುರು ನಿಂತು, ಗಂಡು ಹೆಚ್ಚು ಎಂದು ಒಬ್ಬರು, ಹೆಣ್ಣು ಹೆಚ್ಚು ಎಂದು ಇನ್ನೊಬ್ಬರು, ರಾತ್ರಿಯಿಡೀ ಪದದಲ್ಲೇ ಸವಾಲು ಹಾಕಿ ಪದದಲ್ಲೇ ಜವಾಬು ಕೊಡುವುದನ್ನು ಏನೆಂದು ಕರೆಯಬೇಕು? ಅಲ್ಲಿ ಸೋಲು ಗೆಲುವು ತೀರ್ಮಾನಿಸುವ ಸಮಿತಿಯಿಲ್ಲ. ಯಾರ ಜವಾಬಿಗೆ ಕೇಕೆ ಬಿತ್ತು, ಯಾರು ತಡವರಿಸಿದರು ಎಂಬುದನ್ನು ಕುಳಿತ ಜನವೇ ನೋಡಿಕೊಳ್ಳುತ್ತದೆ. ಕರಾವಳಿಯ ತಾಳಮದ್ದಳೆಯಲ್ಲಿ ಅರ್ಥಧಾರಿಗಳು ಬಣ್ಣವಿಲ್ಲದೆ, ವೇಷವಿಲ್ಲದೆ, ಕುಳಿತಲ್ಲಿಂದ ಏಳದೆ, ಬರಿಯ ಮಾತಿನಿಂದ ಕೃಷ್ಣನನ್ನೂ ಕೌರವನನ್ನೂ ಕಟ್ಟಿ ನಿಲ್ಲಿಸುತ್ತಾರೆ. ವೇಷ ಬೇಡ, ಸಾಮಾನು ಬೇಡ ಎಂಬ ಕಟ್ಟಳೆ ನಮಗೆ ಹೊಸದಲ್ಲ. ಇಷ್ಟು ದೂರವೂ ಹೋಗಬೇಕಾಗಿಲ್ಲ. ಇದೇ ಬೆಂಗಳೂರಿನ ಶ್ರೀರಾಮಪುರದಲ್ಲಿ ಬೆಳೆದ ಸಿದ್ಧಲಿಂಗಯ್ಯನವರ ಹಾಡುಗಳು 1970ರ ದಶಕದಿಂದ ಊರೂರು ತಲುಪಿದ್ದು ಅಚ್ಚಾದ ಪುಸ್ತಕದ ಮೂಲಕವಷ್ಟೇ ಅಲ್ಲ, ಸಭೆ ಮೆರವಣಿಗೆಗಳಲ್ಲಿ ಹಾಡಿದವರ ಬಾಯಿಯ ಮೂಲಕ. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ರೂಪುಗೊಂಡದ್ದೂ ಈ ಊರಿನಲ್ಲೇ. ಕಿವಿಗಾಗಿ ಬರೆದ, ಎದುರಿಗಿರುವವರನ್ನು ನೋಡಿಕೊಂಡು ಹೇಳಿದ ಕವಿತೆಗೆ ಇಲ್ಲಿ ಇಷ್ಟು ದೊಡ್ಡ ಹಿನ್ನೆಲೆ ಇರುವಾಗ, ನಮ್ಮ ವಿದ್ಯಾರ್ಥಿಗಳು ಸ್ಲ್ಯಾಮ್ ಎಂದರೆ ಇಂಗ್ಲಿಷಿನ ಯೂಟ್ಯೂಬ್ ವಿಡಿಯೊ ಎಂದು ತಿಳಿದಿರುವುದು ಅವರ ತಪ್ಪಲ್ಲ.

ನಗರದಲ್ಲಿ ಸ್ಲ್ಯಾಮ್ ಇಲ್ಲವೆಂದಲ್ಲ. ಇಂದಿರಾನಗರ, ಕೋರಮಂಗಲಗಳ ಕಫೆಗಳಲ್ಲಿ, ಪುಸ್ತಕದಂಗಡಿಗಳಲ್ಲಿ, ಖಾಸಗಿ ಕಾಲೇಜುಗಳ ಉತ್ಸವಗಳಲ್ಲಿ ಓಪನ್ ಮೈಕ್ ಹೆಸರಿನಲ್ಲಿ ವರ್ಷಗಳಿಂದ ನಡೆದು ಬಂದಿದೆ; ಅದರಿಂದ ಒಳ್ಳೆಯ ಕವಿಗಳೂ ಬಂದಿದ್ದಾರೆ. ಆದರೆ ಅಲ್ಲಿನ ಭಾಷೆ ಹೆಚ್ಚಾಗಿ ಇಂಗ್ಲಿಷು, ಆಮೇಲೆ ಹಿಂದಿ; ಒಳಗೆ ಹೋಗಲು ಟಿಕೆಟ್ಟು, ಇಲ್ಲವೆ ಒಂದು ಕಾಫಿಯನ್ನಾದರೂ ಕೊಳ್ಳಬೇಕು, ಮತ್ತು ಆ ಕಾಫಿಯ ಬೆಲೆಯಲ್ಲಿ ನನ್ನ ವಿದ್ಯಾರ್ಥಿಗಳ ಮನೆಗೆ ನಾಲ್ಕು ದಿನದ ಹಾಲು ಬರುತ್ತದೆ. ಏಪ್ರಿಲ್ ಬಂತೆಂದರೆ ಬಡಾವಣೆ ಬಡಾವಣೆಗೂ ಬೇಸಿಗೆ ಶಿಬಿರಗಳ ಬ್ಯಾನರು ಕಟ್ಟುತ್ತಾರೆ. ಈಜು, ಕರಾಟೆ, ರೊಬೊಟಿಕ್ಸ್, ಗಾಜಿನ ಮೇಲಿನ ಚಿತ್ರ ಎಲ್ಲವೂ ಹದಿನಾಲ್ಕರ ಒಳಗಿನವರಿಗೆ, ಶುಲ್ಕ ಕಟ್ಟಬಲ್ಲವರಿಗೆ. ಹದಿನೈದು ದಾಟಿದವರಿಗೆ ಬೇಸಿಗೆಯಲ್ಲಿ ಉಳಿಯುವುದು ಟ್ಯೂಷನ್ನು, ಇಲ್ಲವೆ ಅಂಗಡಿ ಕೆಲಸ.

ಕಮ್ಮಟದಲ್ಲಿ ನಡೆಯುವುದೇನು ಎಂಬುದನ್ನು ಒಂದು ಉದಾಹರಣೆಯಿಂದ ಹೇಳುತ್ತೇನೆ. ನಮ್ಮಲ್ಲಿಗೆ ಬಂದಿದ್ದ ಒಬ್ಬ ಹುಡುಗ ಬಿ.ಕಾಂ. ಎರಡನೇ ವರ್ಷದವನು, ಸಂಜೆ ಮನೆಮನೆಗೆ ಊಟ ತಲುಪಿಸುವ ಕೆಲಸ ಮಾಡುವವನು. ಮೊದಲ ದಿನ ಅವನು ತಂದ ಕವಿತೆಯಲ್ಲಿ ಶೋಷಣೆ, ಬಂಡವಾಳಶಾಹಿ, ಬೆವರ ಹನಿ, ಕೆಂಪು ಸೂರ್ಯ ಎಲ್ಲವೂ ಇದ್ದವು, ಅವನೊಬ್ಬ ಇರಲಿಲ್ಲ. ಕೆಲಸದಲ್ಲಿ ನಿನಗೆ ಅತಿ ಬೇಸರ ತರಿಸುವುದು ಯಾವುದಪ್ಪ ಎಂದು ಕೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು ‘ಲಿಫ್ಟು ಸಾರ್’ ಎಂದ. ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ನಿವಾಸಿಗಳ ಲಿಫ್ಟನ್ನು ಇವರು ಹತ್ತುವಂತಿಲ್ಲ, ಹಿಂಬದಿಯದನ್ನೇ ಬಳಸಬೇಕು ಎಂಬುದನ್ನು ವಿವರಿಸಿ, ‘ಕಸದ ಡಬ್ಬ ಇಳಿಸೋ ಲಿಫ್ಟಲ್ಲೇ ಬಿರಿಯಾನಿ ಹಿಡ್ಕೊಂಡು ಹತ್ತಬೇಕು ಸಾರ್. ಅವರು ತಿನ್ನೋದು ಅದನ್ನೇ’ ಎಂದ. ಅದನ್ನೇ ಬರಿ ಎಂದೆವು. ಹಳೆಯ ಹಾಳೆ ಮಡಿಸಿಟ್ಟು ಹೊಸದಾಗಿ ಕುಳಿತ. ಮುಂದಿನ ವಾರದ ಹೊತ್ತಿಗೆ ಕವಿತೆ ಗ್ರೌಂಡ್ ಫ್ಲೋರಿನಿಂದ ಹನ್ನೊಂದನೆಯ ಮಹಡಿಯವರೆಗೆ ಏರುವ ಒಂದು ಲಿಫ್ಟಾಗಿತ್ತು: ಮಹಡಿಗೊಂದು ಚರಣ, ಪ್ರತಿ ಮಹಡಿಯಲ್ಲೂ ಬಾಗಿಲು ತೆರೆದು ಒಳಗೆ ನೋಡಿ ಹತ್ತದೆ ಹಿಂದೆ ಸರಿಯುವ ಒಬ್ಬರು.

ಬರವಣಿಗೆ ಅಲ್ಲಿಗೆ ಮುಗಿಯಿತು. ಹೇಳುವ ಕೆಲಸ ಅಲ್ಲಿಂದ ಶುರುವಾಯಿತು. ಸ್ಲ್ಯಾಮ್ ಎಂದರೆ ಅರಚುವುದು ಎಂದೇ ಅವನೂ ತಿಳಿದಿದ್ದ. ಎರಡನೇ ಮಹಡಿಗೇ ದನಿ ತಾರಕಕ್ಕೇರಿ, ಮುಂದೆ ಏರಲು ಜಾಗವೇ ಉಳಿಯುತ್ತಿರಲಿಲ್ಲ. ಮೇಲೆ ಹೋದ ಹಾಗೆ ದನಿ ಇಳಿಸಿ ನೋಡು ಎಂದು ನಮ್ಮ ರಂಗಭೂಮಿಯ ಗೆಳೆಯರು ಹೇಳಿಕೊಟ್ಟರು. ಉಸಿರು ಎಲ್ಲಿ ತೆಗೆದುಕೊಳ್ಳಬೇಕೆಂದು ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಗೆರೆ ಹಾಕಿಸಿದರು. ಮೈಕಿಗೆ ಬಾಯಿ ತಾಗಿಸಿದರೆ ಪಕಾರ ಭಕಾರಗಳು ಪಟಾಕಿಯಂತೆ ಸಿಡಿಯುತ್ತವೆಂದು ಒಂದು ಗೇಣು ದೂರ ನಿಲ್ಲಿಸಿದರು. ಬಾಯಿಪಾಠ ಮಾಡಿಸಿ ಹಾಳೆ ಕಿತ್ತುಕೊಂಡರು. ಕೊನೆಯ ದಿನದ ಸ್ಪರ್ಧೆಯಲ್ಲಿ ಅವನು ಹನ್ನೊಂದನೆಯ ಮಹಡಿ ತಲುಪಿದಾಗ ದನಿ ಪಿಸುಮಾತಿಗೆ ಬಂದಿತ್ತು, ಹಿಂದಿನ ಸಾಲಿನಲ್ಲಿ ಕಡಲೆಕಾಯಿ ಸುಲಿಯುತ್ತಿದ್ದವರು ಕೈ ತಡೆದಿದ್ದರು. ಅವನಿಗೆ ಬಂದದ್ದು ಮೂರನೆಯ ಸ್ಥಾನ. ಗೆದ್ದದ್ದು ಅಜ್ಜಿಯ ಮೊಬೈಲಿನ ಬಗ್ಗೆ ಹೇಳಿ ಎಲ್ಲರನ್ನೂ ನಗಿಸಿದ ಒಬ್ಬ ಪಿಯುಸಿ ಹುಡುಗಿ. ನನ್ನ ಮಟ್ಟಿಗೆ ಅದು ಸರಿಯಾದ ತೀರ್ಪಲ್ಲ, ಆದರೆ ನನ್ನನ್ನು ಯಾರೂ ಕೇಳಲಿಲ್ಲ, ಮತ್ತು ಕೇಳದೇ ಇದ್ದದ್ದೇ ಸರಿ.

ಇಲ್ಲಿ ತಮ್ಮ ಗಮನಕ್ಕೆ ತರಬೇಕಾದ ಇನ್ನೊಂದು ಸಂಗತಿ ಉಚ್ಚಾರಣೆಯದು. ಈ ಊರಿನ ಹದಿಹರೆಯದವರಲ್ಲಿ ಕನ್ನಡದಲ್ಲಿ ವೇದಿಕೆ ಹತ್ತಲು ಹೆದರುವವರು ಬಹಳ, ಮತ್ತು ಹೆದರಿಸಿದವರು ಬಹುಪಾಲು ಕನ್ನಡ ಮೇಷ್ಟ್ರುಗಳೇ. ಹಾಲನ್ನು ಆಲು ಎಂದದ್ದಕ್ಕೆ ತರಗತಿಯೆಲ್ಲ ನಕ್ಕ ದಿನದಿಂದ ಕೈ ಎತ್ತುವುದನ್ನೇ ಬಿಟ್ಟ ಮಕ್ಕಳನ್ನು ನಾನು ಬಲ್ಲೆ. ಶಿವಾಜಿನಗರದಲ್ಲಿ ಮನೆಯಲ್ಲಿ ಉರ್ದು ಆಡುವವರು, ತಮಿಳು ತೆಲುಗಿನ ಮನೆಗಳಿಂದ ಬಂದು ಬೀದಿಯಲ್ಲಿ ಕನ್ನಡ ಕಲಿತವರು, ರಾಯಚೂರು ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದು ಶೆಡ್ಡುಗಳಲ್ಲಿರುವವರ ಮಕ್ಕಳು, ಇವರೆಲ್ಲರ ಕನ್ನಡವೂ ಬೆಂಗಳೂರಿನ ಕನ್ನಡವೇ. ಕಮ್ಮಟದ ಪ್ರಕಟಣೆಯಲ್ಲಿಯೇ ‘ನಿಮ್ಮ ಮನೆಯಲ್ಲಿ, ಬೀದಿಯಲ್ಲಿ ಆಡುವ ಕನ್ನಡದಲ್ಲಿ ಬರೆಯಬಹುದು, ಬೇರೆ ಭಾಷೆಯ ಮಾತು ನಡುವೆ ಬಂದರೆ ಅಡ್ಡಿಯಿಲ್ಲ’ ಎಂದು ಮುದ್ರಿಸಬೇಕು, ಮತ್ತು ಸಂಪನ್ಮೂಲ ವ್ಯಕ್ತಿಗಳಾಗಿ ಬರುವವರಿಗೆ ಇದನ್ನು ಮೊದಲೇ ಮನವರಿಕೆ ಮಾಡಿಕೊಡಬೇಕು ಎಂಬುದು ನನ್ನ ಬೇಡಿಕೆ. ವ್ಯಾಕರಣ ಕಲಿಸಲು ವರ್ಷದ ಉಳಿದ ಹತ್ತು ತಿಂಗಳು ನಮ್ಮ ಕೈಯಲ್ಲೇ ಇವೆ.

ಈ ಪ್ರಕಾರದಲ್ಲಿ ಅಪಾಯವೂ ಇದೆ, ಅದನ್ನು ಮುಚ್ಚಿಟ್ಟು ಮನವಿ ಸಲ್ಲಿಸುವುದು ಸರಿಯಲ್ಲ. ನೋವಿನ ಕವಿತೆಗೆ ಹೆಚ್ಚು ಅಂಕ ಬೀಳುತ್ತದೆಂದು ಮಕ್ಕಳು ಬೇಗ ಕಂಡುಕೊಳ್ಳುತ್ತಾರೆ; ಆಮೇಲೆ ಇನ್ನೂ ಮಾಯದ ಗಾಯವನ್ನು ಕೆರೆದು ತಂದು ವೇದಿಕೆಯ ಮೇಲಿಡುತ್ತಾರೆ. ಮನೆಯಲ್ಲಿ ಹೊಡೆತ ತಿನ್ನುವವಳು, ತಂದೆಯ ಕುಡಿತದ ಬಗ್ಗೆ ಯಾರಿಗೂ ಹೇಳದವನು, ಮೈಮೇಲೆ ಕೈ ಹಾಕಿದ ಸಂಬಂಧಿಕನ ಬಗ್ಗೆ ಮೊದಲ ಬಾರಿಗೆ ಬರೆದವಳು, ಹತ್ತು ಹದಿನೈದು ದಿನ ಒಂದು ಕೋಣೆಯಲ್ಲಿ ನಂಬಿಕೆಯಿಂದ ಕುಳಿತರೆ ಇವರಲ್ಲಿ ಯಾರಾದರೂ ಎದುರಾಗಿಯೇ ಆಗುತ್ತಾರೆ. ಆಗ ಆ ಕವಿತೆಗೆ ಚಪ್ಪಾಳೆ ತಟ್ಟಿ ಮನೆಗೆ ಕಳಿಸುವುದು ಹೊಣೆಗೇಡಿತನ, ಕಾನೂನಿನ ದೃಷ್ಟಿಯಿಂದಲೂ ತಪ್ಪು: 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನ ಪ್ರಕಾರ, ಹದಿನೆಂಟರ ಒಳಗಿನವರ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವುದು ತಿಳಿದ ಯಾರೇ ಆಗಲಿ ಪೊಲೀಸರಿಗೆ ವರದಿ ಮಾಡಲೇಬೇಕು. ಕಲಿಸಲು ಬರುವ ಕವಿಗಳಲ್ಲಿ ಎಷ್ಟು ಮಂದಿಗೆ ಇದು ಗೊತ್ತಿದ್ದೀತು? ಆದ್ದರಿಂದ ಕಲಿಸುವವರಿಗೆ ಮೊದಲು ಒಂದು ದಿನದ ತರಬೇತಿ ಕೊಡಬೇಕು, ಪ್ರತಿ ತಂಡಕ್ಕೂ ಒಬ್ಬ ಆಪ್ತ ಸಮಾಲೋಚಕರು ವಾರಕ್ಕೆ ಒಂದೆರಡು ಬಾರಿಯಾದರೂ ಬಂದು ಕೂರಬೇಕು, ಮಕ್ಕಳ ಸಹಾಯವಾಣಿ 1098 ಮತ್ತು ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416 ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಇರಬೇಕು. ಟೆಲಿ ಮಾನಸ್‌ನ ರಾಷ್ಟ್ರೀಯ ನೋಡಲ್ ಕೇಂದ್ರವಾದ ನಿಮ್ಹಾನ್ಸ್ ಇರುವುದು ನಮ್ಮ ಹೊಸೂರು ರಸ್ತೆಯಲ್ಲೇ. ಆ ಒಂದು ದಿನದ ತರಬೇತಿಗೆ ಇಲಾಖೆಯಿಂದ ಪತ್ರ ಹೋದರೆ ನೆರವು ಸಿಗುವ ಸಾಧ್ಯತೆ ನಮ್ಮಂಥ ಬಿಡಿ ವ್ಯಕ್ತಿಗಳು ಕೇಳುವುದಕ್ಕಿಂತ ಹೆಚ್ಚು. ವಿಡಿಯೊದ ಮಾತೂ ಇದಕ್ಕೆ ಸೇರಿದ್ದೇ. ಇಲಾಖೆಯ ಫೇಸ್‌ಬುಕ್ ಪುಟಕ್ಕೆ ಹಾಕಲು ಯಾರದೋ ಮೂರು ನಿಮಿಷವನ್ನು ಚಿತ್ರೀಕರಿಸುವ ಮೊದಲು ಅವರನ್ನೂ, ಅಪ್ರಾಪ್ತರಾದರೆ ಮನೆಯವರನ್ನೂ ಕೇಳಬೇಕು, ಆಮೇಲೆ ಬೇಡವೆನಿಸಿ ತೆಗೆಯಿರಿ ಎಂದರೆ ತೆಗೆಯಬೇಕು. ಹದಿನಾರರಲ್ಲಿ ಹೇಳಿದ ಮಾತು ಇಪ್ಪತ್ತಾರರಲ್ಲಿ ಕೆಲಸ ಕೇಳಲು ಹೋದಾಗ ಎದುರಿಗೆ ಬಂದು ನಿಲ್ಲಬಾರದು.

ಇನ್ನು ತಮಗೆ ಇರುಸುಮುರುಸಾಗಬಹುದಾದ ವಿಷಯ. ಸರ್ಕಾರಿ ಹಣದಲ್ಲಿ ನಡೆಯುವ ಕಾರ್ಯಕ್ರಮವೆಂದ ಮೇಲೆ ಕವಿತೆಗಳನ್ನು ಮುಂಚಿತವಾಗಿ ತರಿಸಿಕೊಂಡು ಯಾರಾದರೂ ಅಧಿಕಾರಿ ನೋಡಲಿ ಎಂಬ ಸಲಹೆ ಬಂದೇ ಬರುತ್ತದೆ. ಅದನ್ನು ಒಪ್ಪಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಈ ವಯಸ್ಸಿನವರು ಬರೆಯುವುದು ತಮ್ಮ ಬೀದಿಯ ಗುಂಡಿಯ ಬಗ್ಗೆ, ಟ್ಯಾಂಕರ್ ನೀರಿನ ಬಗ್ಗೆ, ಕಾಲೇಜಿನ ಶೌಚಾಲಯದ ಬಗ್ಗೆ, ಜಾತಿ ಕೇಳಿ ಮನೆ ಬಾಡಿಗೆಗೆ ಕೊಡದವರ ಬಗ್ಗೆ. ಅದರಲ್ಲಿ ಪಾಲಿಕೆಗೂ ಬೈಗುಳ ಬೀಳುತ್ತದೆ, ಮಂತ್ರಿಗಳಿಗೂ ಬೀಳುತ್ತದೆ, ಕಾರ್ಯಕ್ರಮ ಏರ್ಪಡಿಸಿದ ತಮ್ಮ ಇಲಾಖೆಗೂ ಬೀಳಬಹುದು. ಮೂರು ನಿಮಿಷ ಬೈಸಿಕೊಳ್ಳಲು ತಯಾರಿಲ್ಲದಿದ್ದರೆ ಇದನ್ನು ಕೈಗೆತ್ತಿಕೊಳ್ಳದಿರುವುದೇ ಮೇಲು; ಚಿತ್ರಕಲಾ ಶಿಬಿರ ಮಾಡಿಸಬಹುದು. ಹಾಗೆಂದು ಯಾರು ಏನು ಬೇಕಾದರೂ ಹೇಳಲಿ ಎನ್ನುತ್ತಿಲ್ಲ. ಒಂದು ಜಾತಿಯನ್ನೋ ಧರ್ಮವನ್ನೋ ಹೀಯಾಳಿಸುವ ಮಾತು, ಗುರುತು ಸಿಗುವಂತೆ ಒಬ್ಬ ಸಹಪಾಠಿಯ ಮಾನ ತೆಗೆಯುವ ಮಾತು ಬಂದರೆ ತಡೆಯಬೇಕು. ಆದರೆ ತಡೆಯಬೇಕಾದವರು ಆ ಹುಡುಗರೊಂದಿಗೆ ಎರಡು ವಾರ ಕುಳಿತ ಮಾರ್ಗದರ್ಶಕರು. ಗೆರೆ ಎಲ್ಲಿ ಎಳೆಯಬೇಕೆಂಬುದನ್ನು ಮೊದಲ ದಿನವೇ ತಂಡದೊಳಗೆ ಚರ್ಚಿಸಿ, ಮಕ್ಕಳ ಕೈಯಲ್ಲೇ ಬರೆಸಿ ಅಂಟಿಸಬೇಕು. ನಮ್ಮಲ್ಲಿ ಹಾಗೆ ಮಾಡಿದಾಗ ಅವರು ಹಾಕಿಕೊಂಡ ನಿಯಮಗಳು ನಾವು ಹಾಕಬಹುದಾಗಿದ್ದಕ್ಕಿಂತ ಕಟ್ಟುನಿಟ್ಟಾಗಿದ್ದವು.

ಜಾಗ ಮತ್ತು ವೇಳೆಯ ವಿಚಾರ. ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆಗಳೂ ಸಿಇಟಿಯೂ ಮುಗಿದ ಮೇಲೆ, ಏಪ್ರಿಲ್ ಕೊನೆಯ ವಾರದಿಂದ ಮೇ ಮಧ್ಯದವರೆಗಿನ ಅವಧಿ ಸೂಕ್ತ. ಸಾಮಾನ್ಯವಾಗಿ ಮೇ ಮೊದಲ ಭಾನುವಾರ ಬರುವ ನೀಟ್ ಪರೀಕ್ಷೆಯ ಹಿಂದುಮುಂದಿನ ದಿನಗಳನ್ನು ಬಿಟ್ಟುಕೊಳ್ಳಬೇಕು. ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಇಟ್ಟುಕೊಂಡರೆ ಸಂಜೆ ಕೆಲಸಕ್ಕೆ ಹೋಗುವವರಿಗೂ ಅನುಕೂಲ, ಕತ್ತಲಾಗುವ ಮುಂಚೆ ಮನೆ ಸೇರಬೇಕೆಂಬ ಕಟ್ಟುಪಾಡಿರುವ ಹೆಣ್ಣುಮಕ್ಕಳಿಗೂ ಅನುಕೂಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಂದಿನಿಂದ ಹುಡುಗಿಯರಿಗೆ ಬಿಎಂಟಿಸಿ ಬಸ್ಸಿನ ಚಿಂತೆಯಿಲ್ಲ. ದೂರದಿಂದ ಬರುವ ಹುಡುಗರ ಬಸ್ ಚಾರ್ಜನ್ನು ಕಮ್ಮಟದ ವೆಚ್ಚದಲ್ಲಿ ಸೇರಿಸಬೇಕು, ಇಲ್ಲದಿದ್ದರೆ ಮೂರನೇ ದಿನಕ್ಕೆ ಅವರು ಬರುವುದಿಲ್ಲ. ಗ್ರಂಥಾಲಯಗಳನ್ನೇ ಕೇಳುತ್ತಿರುವುದು ಅವು ವಾರ್ಡುಗಳಲ್ಲಿ, ನಡೆದು ಹೋಗುವ ದೂರದಲ್ಲಿ ಇವೆ ಎಂಬ ಕಾರಣಕ್ಕೆ. ಒಂದು ತೊಡಕನ್ನು ಬಲ್ಲೆ: ಆ ಕೋಣೆಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಕುಳಿತಿರುತ್ತಾರೆ, ಅವರ ನಿಶ್ಶಬ್ದವನ್ನು ಕೆಡಿಸುವ ಹಕ್ಕು ಕವಿಗಳಿಗಿಲ್ಲ. ಪ್ರತ್ಯೇಕ ಸಭಾಂಗಣವೋ ಮೇಲ್ಮಹಡಿಯೋ ಇರುವ ಶಾಖೆಗಳನ್ನು ಆರಿಸಿಕೊಳ್ಳಬೇಕು. ಅಂಥವು ನಾಲ್ಕು ಸಿಕ್ಕರೆ ಮೊದಲ ವರ್ಷಕ್ಕೆ ಸಾಕು. ತಂಡಕ್ಕೆ ಇಪ್ಪತ್ತೈದು ಮಂದಿಗಿಂತ ಹೆಚ್ಚಾದರೆ ಒಬ್ಬೊಬ್ಬರ ಕವಿತೆಯನ್ನು ಕೂತು ಕೇಳಲಾಗುವುದಿಲ್ಲ.

ಕೊನೆಯ ಸ್ಪರ್ಧೆಗೆ ರವೀಂದ್ರ ಕಲಾಕ್ಷೇತ್ರದ ಹಿಂದಿನ ಸಂಸ ಬಯಲು ರಂಗಮಂದಿರ ನನ್ನ ಮನಸ್ಸಿನಲ್ಲಿದೆ. ಕಲ್ಲಿನ ಮೆಟ್ಟಿಲಿನ ಮೇಲೆ ಕುಳಿತವರು ವೇದಿಕೆಗಿಂತ ಎತ್ತರದಲ್ಲಿರುವುದರಿಂದ ಈ ಆಟಕ್ಕೆ ಅದಕ್ಕಿಂತ ಒಳ್ಳೆಯ ಜಾಗ ನಗರದಲ್ಲಿ ಇಲ್ಲ. ಆದರೆ ಮೇ ತಿಂಗಳ ಸಂಜೆಯ ಮಳೆಯನ್ನು ನಂಬುವಂತಿಲ್ಲವಾದ್ದರಿಂದ, ಅದೇ ದಿನಕ್ಕೆ ಕನ್ನಡ ಭವನದ ನಯನ ಸಭಾಂಗಣವನ್ನೂ ಕಾದಿರಿಸಿಡಬೇಕು. ಅಂದು ಉದ್ಘಾಟನೆ ಬೇಡ, ಹಾರ ತುರಾಯಿ ಬೇಡ, ವೇದಿಕೆಯ ಮೇಲೆ ಒಂದು ಮೈಕು, ಒಂದು ಗಡಿಯಾರ, ನಿರೂಪಕ, ಇಷ್ಟೇ ಇರಲಿ. ತಾವೂ, ಸಾಧ್ಯವಾದರೆ ಮಂತ್ರಿಗಳೂ ಬರಬೇಕು, ಬಂದು ಕೆಳಗೆ ಜನರ ನಡುವೆ ಕೂರಬೇಕು. ಚೀಟಿಯಲ್ಲಿ ಹೆಸರು ಬಂದರೆ ಹಲಗೆ ಹಿಡಿದು ಅಂಕ ಕೊಡಬೇಕು.

ಹಣದ ಬಗ್ಗೆ ಹೆಚ್ಚು ಬರೆಯುವುದಿಲ್ಲ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಡಿ ಆಸ್ತಿ ತೆರಿಗೆಯ ಜೊತೆ ಶೇ 6ರಷ್ಟು ಗ್ರಂಥಾಲಯ ಕರವನ್ನು ಈ ನಗರದ ಜನ ಕಟ್ಟುತ್ತ ಬಂದಿದ್ದಾರೆ. ಪುಸ್ತಕ ಕೊಳ್ಳಲು, ಸಿಬ್ಬಂದಿಗೆ ಸಂಬಳ ಕೊಡಲು ಅದು ಬೇಕು ಎಂಬುದನ್ನು ಒಪ್ಪುತ್ತೇನೆ. ಜಾಗ, ಕುರ್ಚಿ, ವಿದ್ಯುತ್ತು ಗ್ರಂಥಾಲಯ ಇಲಾಖೆಯದು, ಮಾರ್ಗದರ್ಶಕರ ಗೌರವಧನ, ಮಜ್ಜಿಗೆ, ಬಸ್ ಚಾರ್ಜು, ಮೈಕಿನ ಬಾಡಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯದು ಎಂದು ಹಂಚಿಕೊಂಡರೆ ಯಾರಿಗೂ ಭಾರವಾಗದು. ಗೌರವಧನ ಮಾತ್ರ ಮರ್ಯಾದೆಯ ಮೊತ್ತವಾಗಿರಲಿ, ಕಾರ್ಯಕ್ರಮ ಮುಗಿದ ತಿಂಗಳೊಳಗೆ ಕೈಸೇರಲಿ. ಯುವ ಕವಿಗಳಿಗೆ ಶಾಲು ಬೇಕಾದಷ್ಟು ಸಿಗುತ್ತವೆ, ಬಾಡಿಗೆ ಕಟ್ಟುವುದು ಅದರಿಂದಲ್ಲ. ಕಮ್ಮಟ ಮುಗಿದ ಮೇಲೆ ಅದೇ ಗ್ರಂಥಾಲಯಗಳಲ್ಲಿ ತಿಂಗಳಿಗೊಂದು ಸಂಜೆಯನ್ನು ಈ ಮಕ್ಕಳಿಗೆ ಬಿಟ್ಟುಕೊಡುವುದಾದರೆ ಹೆಚ್ಚು ಸಂತೋಷ. ಒಂದು ಬೇಸಿಗೆಗೆ ಮುಗಿದುಹೋಗುವ ಉತ್ಸಾಹವನ್ನು ನಾವು ಸಾಕಷ್ಟು ನೋಡಿದ್ದೇವೆ.

ನಗರದ ಓದುಗರಲ್ಲಿ ನನ್ನ ಕೋರಿಕೆ ಸಣ್ಣದು. ಇದು ನಡೆಯಬೇಕು ಎನಿಸಿದರೆ ತಮ್ಮ ವಾರ್ಡಿನ ಗ್ರಂಥಾಲಯಕ್ಕೆ ಹೋಗಿ ಅಲ್ಲಿನ ಗ್ರಂಥಪಾಲಕರಿಗೆ ಒಂದು ಮಾತು ಹೇಳಿ. ಸಲಹಾ ಪುಸ್ತಕವಿದ್ದರೆ ಅದರಲ್ಲಿ ಬರೆಯಿರಿ. ಸ್ಪರ್ಧೆಯ ದಿನ ಬಂದು ಕೂತು ಕೇಳಿ. ಅಂಕ ಕೊಡಲು ಕಾವ್ಯಮೀಮಾಂಸೆ ಓದಿರಬೇಕಾಗಿಲ್ಲ, ಸ್ಪರ್ಧಿಗಳ ಸಂಬಂಧಿಕರಾಗಿರದಿದ್ದರೆ ಆಯಿತು.

ಮಾನ್ಯರೇ, ಪರೀಕ್ಷೆಗಳು ಶುರುವಾದ ಮೇಲೆ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಕೈಗೆ ಸಿಗುವುದಿಲ್ಲ. ಆದ್ದರಿಂದ ತಮ್ಮ ತೀರ್ಮಾನ ಜನವರಿಯೊಳಗೆ ತಿಳಿದು, ಪ್ರಕಟಣೆ ಫೆಬ್ರುವರಿ ಮೊದಲ ವಾರದಲ್ಲಿ ಹೊರಬಿದ್ದರೆ, ಅದನ್ನು ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳ ನೋಟೀಸ್ ಬೋರ್ಡುಗಳಿಗೆ ತಲುಪಿಸುವ, ಅರ್ಜಿ ತುಂಬಿಸುವ ಕೆಲಸವನ್ನು ನಾವು ಕೆಲವು ಕನ್ನಡ ಉಪನ್ಯಾಸಕರು ವಹಿಸಿಕೊಳ್ಳಲು ಸಿದ್ಧರಿದ್ದೇವೆ. ಕಳೆದ ಬಾರಿ ಬಳಸಿದ ದಿನವಾರು ಪಾಠಕ್ರಮ, ಪೋಷಕರ ಒಪ್ಪಿಗೆ ಪತ್ರದ ನಮೂನೆ, ಅಂಕದ ಹಲಗೆಗಳು ನಮ್ಮ ಬಳಿ ಇವೆ, ಕೇಳಿದರೆ ತಂದುಕೊಡುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಪದವಿಪೂರ್ವ ಕಾಲೇಜಿನ ಒಬ್ಬ ಕನ್ನಡ ಉಪನ್ಯಾಸಕ
ಬೆಂಗಳೂರು